ಹೂಳಿನಡಿಯ ಮೊಳಕೆ: ಕಂದು ಪಾಚಿಯ ಸಂಶೋಧನೆಗಳು ಅಳೆದದ್ದೇನು, ಬಿಟ್ಟದ್ದೇನು?

ಇಂಗ್ಲಿಷಿನ ‘ಸೆಡಿಮೆಂಟ್’ ಎಂಬ ಒಂದು ಪದಕ್ಕೆ ಕನ್ನಡದಲ್ಲಿ ನಾಲ್ಕಾರು ಪದಗಳಿವೆ: ಹೂಳು, ಗೋಡು, ಮೆಕ್ಕಲು, ಕೆಸರು, ರಾಡಿ. ಕ್ಯಾಸನೂರು, ಸೊರಬ, ಶಿಕಾರಿಪುರದ ಕಡೆಯ ರೈತರಿಗೆ ಇವೆಲ್ಲ ಒಂದೇ ಅಲ್ಲ. ಬೇಸಿಗೆಯಲ್ಲಿ ಕೆರೆಯಿಂದ ಎತ್ತಿ ಗದ್ದೆಗೋ ತೋಟಕ್ಕೋ ಹಾಕುವುದು ಗೋಡು. ಅದು ಗೊಬ್ಬರಕ್ಕೆ ಸಮ. ಅದೇ ಮಣ್ಣು ಕೆರೆಯಲ್ಲೇ ಉಳಿದರೆ ಹೂಳು, ಅದು ನಷ್ಟ. ‘ಹೂಳು’ ಎಂಬುದು ನಾಮಪದವೂ ಹೌದು, ಮಣ್ಣಿನಲ್ಲಿ ಮುಚ್ಚು ಎಂಬರ್ಥದ ಕ್ರಿಯಾಪದವೂ ಹೌದು. ವಸ್ತು ಒಂದೇ ಆದರೂ ಅದು ಎಲ್ಲಿ ಬಿತ್ತು, ಯಾವಾಗ ಬಿತ್ತು, ಯಾವುದರ ಮೇಲೆ ಬಿತ್ತು ಎಂಬುದರ ಮೇಲೆ ಅದರ ಗುಣ ನಿರ್ಧಾರವಾಗುತ್ತದೆ ಎಂಬ ತಿಳಿವು ಈ ಪದಗಳಲ್ಲಿಯೇ ಅಡಗಿದೆ. ಕಡಲ ತಳದ ಹೂಳು ಕಂದು ಪಾಚಿಗಳ ಎಳವೆಯ ಬೆಳವಣಿಗೆಯ ಮೇಲೆ ಬೀರುವ ಪರಿಣಾಮವನ್ನು ಕುರಿತ ಸಂಶೋಧನೆಗಳನ್ನು ವಿಮರ್ಶಿಸುವಾಗ ನಾವು ಕೇಳಬೇಕಾದ ಪ್ರಶ್ನೆಗಳೂ ಇವೇ.

ಕ್ಯಾಸನೂರಿನಂಥ ಒಳನಾಡಿನವರಿಗೆ ಕಡಲ ಪಾಚಿಯ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ಸೊರಬ ಸೀಮೆಯ ದಂಡಾವತಿಯ ನೀರು ವರದೆಯನ್ನು ಸೇರಿ, ವರದೆ ಗಳಗನಾಥದ ಬಳಿ ತುಂಗಭದ್ರೆಯನ್ನು ಸೇರಿ ಪೂರ್ವಕ್ಕೆ ಹೋಗುತ್ತದೆ. ಪಕ್ಕದ ಸಾಗರ ಸೀಮೆಯಲ್ಲಿ ಬಿದ್ದ ಮಳೆ ಶರಾವತಿಯಾಗಿ ಪಶ್ಚಿಮಕ್ಕೆ ಇಳಿದು ಹೊನ್ನಾವರದಲ್ಲಿ ಅರಬ್ಬಿ ಸಮುದ್ರಕ್ಕೆ ಬೀಳುತ್ತದೆ. ಅಂದರೆ ನಾವಿರುವುದು ಎರಡು ಕಡಲುಗಳಿಗೆ ಮಣ್ಣು ಕಳಿಸುವ ನೆತ್ತಿಯ ಮೇಲೆ. ಪೂರ್ವಕ್ಕೆ ಹೋದ ಮಣ್ಣಿನ ಲೆಕ್ಕ ನಮಗೆ ಚೆನ್ನಾಗಿ ಗೊತ್ತು. 1953ರಲ್ಲಿ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯದ ಸಾಮರ್ಥ್ಯ 2016ರ ಸಮೀಕ್ಷೆಯ ಪ್ರಕಾರ ಸುಮಾರು 106 ಟಿಎಂಸಿಗೆ ಇಳಿದಿದೆ. ಅಲ್ಲಿ ಹೂಳನ್ನು ಟಿಎಂಸಿಗಳಲ್ಲಿ ಎಣಿಸುತ್ತೇವೆ. ಕಡಲ ಬಂಡೆಯ ಮೇಲೆ ಕುಳಿತ ಪಾಚಿಯ ಮೊಳಕೆಗೆ ಹೂಳಿನ ಲೆಕ್ಕ ಮಿಲಿಗ್ರಾಂಗಳಲ್ಲಿದೆ. ಈ ಎರಡನೆಯ ಲೆಕ್ಕವನ್ನು ಯಾರೂ ಸರಿಯಾಗಿ ಇಟ್ಟಿಲ್ಲ ಎಂಬುದೇ ಈ ಲೇಖನದ ಆಕ್ಷೇಪ.

ಮೊಳಕೆಯ ಸ್ಥಿತಿ

ಕಂದು ಪಾಚಿಗಳು ಬೇರುಳ್ಳ ಸಸ್ಯಗಳಲ್ಲ. ಅವು ಹಿಡಿತಾಂಗವೆಂಬ ರಚನೆಯಿಂದ ಬಂಡೆಗೆ ಅಂಟಿಕೊಂಡು, ಆಹಾರಾಂಶಗಳನ್ನು ಮೈಯೆಲ್ಲದರ ಮೂಲಕ ನೀರಿನಿಂದಲೇ ಹೀರುತ್ತವೆ. ಆದ್ದರಿಂದ ಮಣ್ಣು ಅವುಗಳಿಗೆ ಆಹಾರದ ಮೂಲವಲ್ಲ. ಬೇಕಾಗಿರುವುದು ಗಟ್ಟಿ ನೆಲ, ಬೆಳಕು ಮತ್ತು ಚಲಿಸುವ ನೀರು. ಕರ್ನಾಟಕದ ಕರಾವಳಿಯಲ್ಲಿ ಕಾರವಾರದ ದ್ವೀಪಗಳಿಂದ ಹಿಡಿದು ಗೋಕರ್ಣ, ಮುರ್ಡೇಶ್ವರ, ಮಲ್ಪೆಯ ಸೇಂಟ್ ಮೇರೀಸ್ ದ್ವೀಪಗಳವರೆಗೆ ಬಂಡೆಯಿರುವಲ್ಲೆಲ್ಲ ಸರ್ಗಾಸಮ್, ಪಡೀನ, ಡಿಕ್ಟಿಯೋಟ ಮುಂತಾದ ಕಂದು ಪಾಚಿಗಳು ಸಿಗುತ್ತವೆ. ಇವುಗಳಲ್ಲಿ ಗಾತ್ರದಲ್ಲೂ ಉಪಯೋಗದಲ್ಲೂ ಮುಖ್ಯವಾದದ್ದು ಸರ್ಗಾಸಮ್. ಐಸ್‌ಕ್ರೀಮಿನಿಂದ ಬಟ್ಟೆಗೆ ಬಣ್ಣ ಅಚ್ಚು ಹಾಕುವವರೆಗೆ ಬಳಕೆಯಾಗುವ ಆಲ್ಜಿನೇಟ್ ಎಂಬ ವಸ್ತುವಿಗೆ ನಮ್ಮ ದೇಶದಲ್ಲಿ ಅದೇ ಮುಖ್ಯ ಮೂಲ. ಅದರ ಪೊದೆಗಳ ನಡುವೆ ಮರಿಮೀನುಗಳೂ ಸಿಗಡಿಗಳೂ ಆಸರೆ ಪಡೆಯುತ್ತವೆ.

ಪಾಚಿಯ ಬದುಕಿನಲ್ಲಿ ಅತ್ಯಂತ ಅಪಾಯದ ಘಟ್ಟ ಮೊದಲ ಕೆಲವು ದಿನಗಳು. ಶೀತ ಸಮುದ್ರಗಳ ಕೆಲ್ಪ್ ಎಂಬ ದೈತ್ಯ ಪಾಚಿಯ ಚಲಬೀಜಾಣು ಸುಮಾರು 5ರಿಂದ 7 ಮೈಕ್ರಾನ್ ಗಾತ್ರದ್ದು. ಅದು ಬಂಡೆಗೆ ಅಂಟಿ, ಸೂಕ್ಷ್ಮವಾದ ಲಿಂಗಪೀಳಿಗೆಯಾಗಿ ಬೆಳೆದು, ಅದರಲ್ಲಿ ಅಂಡ ಮತ್ತು ವೀರ್ಯಾಣುಗಳು ಕೂಡಿದ ಮೇಲೆಯೇ ನಿಜವಾದ ಗಿಡ ಹುಟ್ಟುವುದು. ಸರ್ಗಾಸಮ್‌ನಲ್ಲಿ ಈ ನಡುವಣ ಪೀಳಿಗೆ ಇಲ್ಲ. ಅದರ ಅಂಡ ತಾಯಿಗಿಡಕ್ಕೆ ಅಂಟಿಕೊಂಡಿರುವಾಗಲೇ ಫಲಿತಗೊಂಡು, ಬಹುಕೋಶಗಳ ಪುಟ್ಟ ಭ್ರೂಣವಾದ ಮೇಲೆ ಕಳಚಿ ಬೀಳುತ್ತದೆ. ಗಾತ್ರ ಮಿಲಿಮೀಟರಿನ ಹತ್ತನೇ ಒಂದೆರಡು ಭಾಗ. ಬಂಡೆ ಮುಟ್ಟಿದ ಕೂಡಲೇ ತನ್ನ ಎಳೆಗಳಿಂದ ಅದು ಹಿಡಿತ ಸಾಧಿಸಬೇಕು. ಸಿಕ್ಕಿದ್ದು ಬಂಡೆಯಾದರೆ ಬದುಕು. ಸಡಿಲ ಮಣ್ಣಿನ ಕಣವಾದರೆ ಮುಂದಿನ ಅಲೆಯೊಂದಿಗೆ ಕಣವೂ ಹೋಗುತ್ತದೆ, ಮೊಳಕೆಯೂ ಹೋಗುತ್ತದೆ.

ಇಲ್ಲಿ ನಮ್ಮ ಗದ್ದೆಯ ಹೋಲಿಕೆ ಉಪಯೋಗಕ್ಕೆ ಬರುತ್ತದೆ, ಆದರೆ ಸ್ವಲ್ಪ ದೂರದವರೆಗೆ ಮಾತ್ರ. ಮೊಳಕೆ ಬರಿಸಿದ ಭತ್ತವನ್ನು ಕೆಸರುಗದ್ದೆಗೆ ಎರಚುವವರು ಉತ್ತ ಕೂಡಲೇ ಎರಚುವುದಿಲ್ಲ. ರಾಡಿ ತಳಕ್ಕೆ ಕೂರಲು ಬಿಟ್ಟು ಎರಚುತ್ತಾರೆ. ಇಲ್ಲದಿದ್ದರೆ ಬೀಜ ಹೂತುಹೋಗುತ್ತದೆ. ಕೆಸರು ಮೊದಲೋ ಬೀಜ ಮೊದಲೋ ಎಂಬುದು ಗದ್ದೆಯಲ್ಲೂ ಬಂಡೆಯಲ್ಲೂ ನಿರ್ಣಾಯಕ. ಆದರೆ ಭತ್ತಕ್ಕೆ ಮೊದಲೇ ಕೂತ ಕೆಸರು ಹಾಸಿಗೆ; ಬೇರಿಲ್ಲದ ಪಾಚಿಗೆ ಅದೇ ಶತ್ರು.

ಮೂರು ದಶಕಗಳ ಪ್ರಯೋಗಗಳು

ಈ ವಿಷಯದ ಅಧ್ಯಯನಗಳಲ್ಲಿ ಪದೇ ಪದೇ ಉಲ್ಲೇಖಗೊಳ್ಳುವುದು ಅಮೆರಿಕದ ಡೆವಿನಿ ಮತ್ತು ವೋಲ್ಸೆ 1978ರಲ್ಲಿ ‘ಮರೀನ್ ಬಯಾಲಜಿ’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧ. ಮ್ಯಾಕ್ರೋಸಿಸ್ಟಿಸ್ ಎಂಬ ದೈತ್ಯ ಕೆಲ್ಪ್‌ನ ಲಿಂಗಪೀಳಿಗೆಯನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಹೂಳು ಮತ್ತು ನೀರಿನ ಚಲನೆಗೆ ಒಡ್ಡಿದ ಅವರು, ಹೂಳು ಉಳಿವನ್ನೂ ಬೆಳವಣಿಗೆಯನ್ನೂ ಕುಂದಿಸುತ್ತದೆಂದು ತೋರಿಸಿದರು. ಬೀಜಾಣು ಅಂಟಿಕೊಂಡ ಮೇಲೆ ಹೂಳು ಬಿದ್ದರೆ ಆಗುವ ಹಾನಿಗಿಂತ, ಹೂಳು ಬಿದ್ದ ನೆಲದ ಮೇಲೆ ಬೀಜಾಣು ಇಳಿದರೆ ಆಗುವ ಹಾನಿ ಹೆಚ್ಚು ಎಂಬುದು ಅವರ ಮುಖ್ಯ ಕೊಡುಗೆ. ಕ್ರಮದ ಮಹತ್ವವನ್ನು ಪ್ರಯೋಗದಿಂದ ತೋರಿಸಿದ ಈ ಕೆಲಸ ಇಂದಿಗೂ ಮಾನ್ಯ. 1992ರಲ್ಲಿ ಜಪಾನಿನ ಅರಕಾವಾ ಮತ್ತು ಮತ್ಸುಯಿಕೆ ತಮ್ಮ ದೇಶದ ಕಂದು ಪಾಚಿಗಳ ಬೀಜಾಣುಗಳು ಅಂಟುವುದು, ಮೊಳೆಯುವುದು, ಬದುಕುವುದು, ಬಲಿಯುವುದು ಎಂಬ ಹಂತಗಳನ್ನು ಬೇರ್ಪಡಿಸಿ ಅಧ್ಯಯನ ಮಾಡಿದರು.

2002 ಮತ್ತು 2003ರಲ್ಲಿ ಯೂರೋಪಿನಿಂದ ಮಹತ್ವದ ಕೆಲಸಗಳು ಬಂದವು. ಚಾಪ್ಮನ್ ಮತ್ತು ಫ್ಲೆಚರ್ ಫ್ಯೂಕಸ್ ಎಂಬ ಪಾಚಿಯ ಭ್ರೂಣಗಳ ಮೇಲೆ ಬೇರೆ ಬೇರೆ ಬಗೆಯ ಹೂಳಿನ ಪರಿಣಾಮ ಬೇರೆ ಬೇರೆ ಎಂದು ತೋರಿಸಿದರು. ಎರಿಕ್ಸನ್ ಮತ್ತು ಯೊಹಾನ್ಸನ್ ಬಾಲ್ಟಿಕ್ ಸಮುದ್ರದಲ್ಲಿ ಫ್ಯೂಕಸ್‌ನ ಹೊಸ ಪೀಳಿಗೆ ನೆಲೆಯೂರುವುದನ್ನು ಹೂಳು ತಡೆಯುತ್ತದೆಂದು ವರದಿ ಮಾಡಿದರು. ಇಟಲಿಯ ಲಾರಾ ಐರೋಲ್ಡಿ 2003ರಲ್ಲಿ ಬಂಡೆ ತೀರಗಳ ಮೇಲೆ ಹೂಳಿನ ಪರಿಣಾಮಗಳ ಬಗ್ಗೆ ಬರೆದ ದೀರ್ಘ ಸಮೀಕ್ಷೆ ಆವರೆಗಿನ ಕೆಲಸವನ್ನೆಲ್ಲ ಒಂದೆಡೆ ತಂದಿತು. 2006ರಲ್ಲಿ ನ್ಯೂಜಿಲೆಂಡಿನ ಡೇವಿಡ್ ಶೀಲ್ ಮತ್ತು ಸಂಗಡಿಗರು ಡರ್ವಿಲಿಯಾ ಮತ್ತು ಹಾರ್ಮೊಸೈರಾ ಎಂಬ ಎರಡು ಕಂದು ಪಾಚಿಗಳ ಮೇಲೆ ಪ್ರಯೋಗ ನಡೆಸಿದರು. ನೆಲವನ್ನು ಪೂರ್ತಿ ಮುಚ್ಚಿದ ಹೂಳು ಮೊಳಕೆ ಅಂಟುವುದನ್ನೇ ತಡೆಯಿತು. ತೆಳುವಾಗಿ ದೂಳು ಚಿಮುಕಿಸಿದಷ್ಟು ಹೂಳು ಕೂಡ ಅದನ್ನು ಕುಗ್ಗಿಸಿತು.

ದಿಕ್ಕಿನ ಬಗ್ಗೆ, ಅಂದರೆ ಹೂಳು ಎಳೆ ಪಾಚಿಗೆ ಕೆಟ್ಟದ್ದು ಎಂಬುದರ ಬಗ್ಗೆ, ಈ ಎಲ್ಲ ಕೃತಿಗಳಲ್ಲಿ ಒಮ್ಮತವಿದೆ. ನಮ್ಮ ತಕರಾರು ದಿಕ್ಕಿನ ಬಗ್ಗೆ ಅಲ್ಲ, ಅಳತೆಯ ಬಗ್ಗೆ. ‘ಎಷ್ಟು ಹೂಳು?’ ಎಂಬ ಪ್ರಶ್ನೆಗೆ ಒಬ್ಬರು ಚದರ ಸೆಂಟಿಮೀಟರಿಗೆ ಇಷ್ಟು ಮಿಲಿಗ್ರಾಂ ಎನ್ನುತ್ತಾರೆ, ಇನ್ನೊಬ್ಬರು ಇಷ್ಟು ಮಿಲಿಮೀಟರ್ ದಪ್ಪ ಎನ್ನುತ್ತಾರೆ, ಮತ್ತೊಬ್ಬರು ಲೀಟರಿಗೆ ಇಷ್ಟು ಮಿಲಿಗ್ರಾಂ ಎನ್ನುತ್ತಾರೆ, ಕೆಲವರು ‘ತೆಳು’, ‘ದಪ್ಪ’ ಎಂದು ಸುಮ್ಮನಾಗುತ್ತಾರೆ. ಅಳತೆಯ ವಿಧಾನಗಳು ಒಂದಕ್ಕೊಂದು ಹೊಂದುವುದಿಲ್ಲವೆಂದು ಐರೋಲ್ಡಿಯವರೂ ದೂರಿದ್ದರು. ಭೌತಶಾಸ್ತ್ರದ ವಿದ್ಯಾರ್ಥಿಗೆ ಇದು ಸಣ್ಣ ದೋಷವಲ್ಲ. ಆಯಾಮ ಬೇರೆಯಾದರೆ ಅಳೆದ ರಾಶಿಯೇ ಬೇರೆ.

ಲೀಟರಿಗೆಷ್ಟು, ಚದರ ಸೆಂಟಿಮೀಟರಿಗೆಷ್ಟು?

ಮೊದಲು ದಪ್ಪದ ಲೆಕ್ಕ. ಒಂದು ಚದರ ಸೆಂಟಿಮೀಟರ್ ಬಂಡೆಯ ಮೇಲೆ 10 ಮಿಲಿಗ್ರಾಂ ಒಣ ತೂಕದಷ್ಟು ಹೂಳು ಕುಳಿತಿದೆ ಎನ್ನೋಣ. ಹೊಸದಾಗಿ ಕೂತ ಕೆಸರು ಬಹುಪಾಲು ನೀರೇ. ಅದರ ಒಂದು ಘನ ಸೆಂಟಿಮೀಟರಿನಲ್ಲಿ ಅರ್ಧ ಗ್ರಾಂ ಒಣ ಮಣ್ಣು ಇದೆಯೆಂದು ಇಟ್ಟುಕೊಂಡರೆ ಪದರದ ದಪ್ಪ 0.2 ಮಿ.ಮೀ. ಬರಿಗಣ್ಣಿಗೆ ಇದು ಬರೀ ಮಸುಕು. ಆದರೆ 6 ಮೈಕ್ರಾನ್ ಗಾತ್ರದ ಕೆಲ್ಪ್ ಬೀಜಾಣುವಿಗೆ ಅದು ತನ್ನ ಎತ್ತರದ ಮೂವತ್ತು ಪಟ್ಟಿಗೂ ಮೀರಿದ ಗೋಡೆ. ಸರ್ಗಾಸಮ್ ಭ್ರೂಣಕ್ಕಾದರೋ ಅದು ಹೆಚ್ಚು ಕಡಿಮೆ ತಲೆಮಟ್ಟ. ಕೆಲ್ಪ್ ಮೇಲಿನ ಅಂಕಿಯನ್ನು ಸರ್ಗಾಸಮ್‌ಗೆ ನೇರವಾಗಿ ಅನ್ವಯಿಸುವುದು ತಪ್ಪು ಎಂಬುದು ಇದರಿಂದ ಸ್ಪಷ್ಟ. ಪ್ರಸಿದ್ಧ ಫಲಿತಾಂಶಗಳಲ್ಲಿ ಹೆಚ್ಚಿನವು ಕೆಲ್ಪ್ ಮತ್ತು ಫ್ಯೂಕಸ್ ಮೇಲಿನವು. ಭಾರತದ ಕರಾವಳಿಯಲ್ಲಿ ಈ ಎರಡೂ ಬೆಳೆಯುವುದಿಲ್ಲ.

ಎರಡನೆಯದು ನೀರಿನಲ್ಲಿ ತೇಲುವ ಹೂಳಿನ ಲೆಕ್ಕ. ಸ್ಟೋಕ್ಸ್ ನಿಯಮವನ್ನು ಪಿಯುಸಿಯಲ್ಲಿ ಕಲಿಸುತ್ತೇವೆ: ಸ್ನಿಗ್ಧ ದ್ರವದಲ್ಲಿ ಬೀಳುವ ಸಣ್ಣ ಗೋಳದ ಅಂತಿಮ ವೇಗ ಅದರ ವ್ಯಾಸದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ನಮ್ಮ ಕಡಲಿನ ಬೆಚ್ಚಗಿನ ನೀರಿನಲ್ಲಿ 10 ಮೈಕ್ರಾನ್ ವ್ಯಾಸದ ಕಲ್ಲಿನ ಕಣ ಸೆಕೆಂಡಿಗೆ ಸುಮಾರು 0.1 ಮಿ.ಮೀ. ವೇಗದಲ್ಲಿ ಇಳಿಯುತ್ತದೆ. 3 ಮೀಟರ್ ಆಳದ ನಿಂತ ನೀರಿನಲ್ಲಿ ತಳ ಮುಟ್ಟಲು ಅದಕ್ಕೆ ಎಂಟೂವರೆ ಗಂಟೆ ಬೇಕು. 60 ಮೈಕ್ರಾನ್ ಕಣಕ್ಕೆ ಕಾಲು ಗಂಟೆ ಸಾಕು. 2 ಮೈಕ್ರಾನಿನ ಜೇಡಿಯ ಕಣಕ್ಕೆ ಸುಮಾರು 9 ದಿನ ಬೇಕು.

ಈಗ ಎರಡು ಕಡೆಯ ನೀರನ್ನು ಹೋಲಿಸಿ. ಎರಡರಲ್ಲೂ ಲೀಟರಿಗೆ 50 ಮಿಲಿಗ್ರಾಂ ತೇಲುವ ಕಣಗಳಿವೆ. ಒಂದರಲ್ಲಿ ಎಲ್ಲವೂ 10 ಮೈಕ್ರಾನಿನವು, ಇನ್ನೊಂದರಲ್ಲಿ 2 ಮೈಕ್ರಾನಿನವು. ಸಾಂದ್ರತೆಯನ್ನು ಇಳಿಯುವ ವೇಗದಿಂದ ಗುಣಿಸಿದರೆ ತಳಕ್ಕೆ ಬೀಳುವ ಹೂಳಿನ ದರ ಸಿಗುತ್ತದೆ. ನೀರು ನಿಂತಿದ್ದು ಸಾಂದ್ರತೆ ಅಷ್ಟೇ ಉಳಿಯುವಂತೆ ಹೊಸ ಹೂಳು ಬರುತ್ತಿದ್ದರೆ, ಮೊದಲನೆಯ ಕಡೆ ದಿನಕ್ಕೆ ಚದರ ಸೆಂಟಿಮೀಟರಿಗೆ ಸುಮಾರು 43 ಮಿಲಿಗ್ರಾಂ, ಎರಡನೆಯ ಕಡೆ 2 ಮಿಲಿಗ್ರಾಂಗಿಂತ ಕಡಿಮೆ. ‘ಲೀಟರಿಗೆ 50 ಮಿಲಿಗ್ರಾಂ’ ಎಂಬ ಒಂದೇ ವರದಿ ಇಪ್ಪತ್ತೈದು ಪಟ್ಟು ವ್ಯತ್ಯಾಸವನ್ನು ಮುಚ್ಚಿಡುತ್ತದೆ.

ಸೋಜಿಗ ಇಲ್ಲಿಗೇ ಮುಗಿಯುವುದಿಲ್ಲ. ನೀರಿನ ಕದಡನ್ನು ಬೆಳಕಿನ ಚದರಿಕೆಯಿಂದ ಅಳೆದು ಎನ್‌ಟಿಯು ಎಂಬ ಏಕಮಾನದಲ್ಲಿ ಹೇಳುತ್ತಾರೆ. ಒಂದೇ ತೂಕದ ಮಣ್ಣನ್ನು ಸಣ್ಣ ಕಣಗಳಾಗಿ ಒಡೆದಷ್ಟೂ ಅವುಗಳ ಒಟ್ಟು ಅಡ್ಡಛೇದ ವ್ಯಾಸಕ್ಕೆ ವಿಲೋಮವಾಗಿ ಹೆಚ್ಚುತ್ತದೆ. ಆದ್ದರಿಂದ 2 ಮೈಕ್ರಾನ್ ಕಣಗಳ ನೀರು 10 ಮೈಕ್ರಾನ್ ಕಣಗಳ ನೀರಿಗಿಂತ ಸುಮಾರು ಐದು ಪಟ್ಟು ಹೆಚ್ಚು ಕದಡಿದಂತೆ ಕಾಣುತ್ತದೆ, ಆದರೆ ಇಪ್ಪತ್ತೈದರಲ್ಲಿ ಒಂದು ಪಾಲು ಹೂಳನ್ನಷ್ಟೇ ಬಂಡೆಗೆ ಇಳಿಸುತ್ತದೆ. ಮೊಳಕೆಗೆ ಹೂಳಿನ ಅಪಾಯ ಹೆಚ್ಚಿರುವ ಕಡೆಯೇ ಮಾಪಕ ಕಡಿಮೆ ಅಂಕಿ ತೋರಿಸುತ್ತದೆ! ಬೆಳಕಿನ ಕೊರತೆ ಅಳೆಯಲು ಎನ್‌ಟಿಯು ಯೋಗ್ಯ. ಹೂಳಿನ ಹೊದಿಕೆ ಅಳೆಯಲು ಅಲ್ಲ.

ಪ್ರಕೃತಿಯಲ್ಲಿ ಇನ್ನೊಂದು ತೊಡಕು ಸೇರುತ್ತದೆ. ನದಿಯ ಸಿಹಿನೀರಿನಲ್ಲಿ ಜೇಡಿಕಣಗಳು ಮೇಲ್ಮೈಯ ಋಣ ವಿದ್ಯುದಂಶದಿಂದಾಗಿ ಒಂದನ್ನೊಂದು ದೂಡುತ್ತ ತೇಲಿರುತ್ತವೆ. ಅಳಿವೆಯಲ್ಲಿ ಉಪ್ಪು ಸೇರಿದಾಗ ಅಯಾನುಗಳು ಆ ವಿಕರ್ಷಣೆಯನ್ನು ಮರೆಮಾಡುತ್ತವೆ. ಕಣಗಳು ಗುಂಪುಗೂಡಿ ಮುದ್ದೆಯಾಗಿ ಬೇಗ ಇಳಿಯುತ್ತವೆ. ಆದ್ದರಿಂದ ಕಣದ ಗಾತ್ರವನ್ನು ಪ್ರಯೋಗಾಲಯದಲ್ಲಿ ಬಿಡಿಸಿ ಅಳೆದರೂ ಸಾಲದು. ಅದು ಕಡಲಿನಲ್ಲಿ ಇಳಿಯುವ ವೇಗವನ್ನೇ ಅಳೆಯಬೇಕು.

‘ಉಸಿರುಕಟ್ಟುವಿಕೆ’ ಎಂಬ ಸುಲಭ ಪದ

ಹೂಳಿನಿಂದ ಮೊಳಕೆ ಸಾಯುವುದನ್ನು ಅನೇಕ ಬರಹಗಳು ‘ಉಸಿರುಕಟ್ಟುವಿಕೆ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತವೆ. ಇದರೊಳಗೆ ಕನಿಷ್ಠ ನಾಲ್ಕು ಬೇರೆ ಕಾರಣಗಳಿವೆ: ಅಂಟಲು ಗಟ್ಟಿ ನೆಲ ಸಿಗದಿರುವುದು, ಬೆಳಕು ತಪ್ಪುವುದು, ಆಮ್ಲಜನಕ ತಲುಪದಿರುವುದು, ಚಲಿಸುವ ಮರಳು ಉಜ್ಜಿ ಕೀಳುವುದು.

ಆಮ್ಲಜನಕದ ಮಾತನ್ನೇ ನೋಡೋಣ. ನೀರಿನಲ್ಲಿ ಅದರ ವಿಸರಣ ಗುಣಾಂಕ ಸೆಕೆಂಡಿಗೆ ಸುಮಾರು 0.002 ಚದರ ಮಿಲಿಮೀಟರ್. ವಿಸರಣಕ್ಕೆ ತಗಲುವ ಕಾಲ ದೂರದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ 1 ಮಿ.ಮೀ. ದಪ್ಪದ ಪದರವನ್ನು ದಾಟಲು ಆಮ್ಲಜನಕಕ್ಕೆ ಎಂಟು ಒಂಬತ್ತು ನಿಮಿಷ ಸಾಕು, 1 ಸೆಂ.ಮೀ. ದಾಟಲು ಸುಮಾರು 14 ಗಂಟೆ ಬೇಕು. ಕಣಗಳ ಸಂದಿಯ ಅಂಕುಡೊಂಕು ದಾರಿಯಲ್ಲಿ ಈ ಕಾಲ ಇನ್ನಷ್ಟು ಹೆಚ್ಚುತ್ತದೆ. ಆದರೂ ಶುದ್ಧ ಮರಳಿನ ತೆಳು ಪದರ ಉಸಿರುಕಟ್ಟಿಸಲಾರದು. ಅದೇ ದಪ್ಪದ ಕೆಸರಿನಲ್ಲಿ ಕೊಳೆಯುವ ಜೈವಿಕ ವಸ್ತುವಿದ್ದರೆ ಬ್ಯಾಕ್ಟೀರಿಯಗಳು ಆಮ್ಲಜನಕವನ್ನು ದಾರಿಯಲ್ಲೇ ಮುಗಿಸಿಬಿಡುತ್ತವೆ. ಹೈಡ್ರೊಜನ್ ಸಲ್ಫೈಡ್‌ನಂಥ ವಿಷವೂ ಹುಟ್ಟಬಹುದು. ತೊಳೆದು ಸುಟ್ಟು ಶುದ್ಧಗೊಳಿಸಿದ ಮರಳಿನಿಂದ ಪ್ರಯೋಗ ಮಾಡಿದರೆ ಈ ಕಾರಣ ಕಾಣಿಸುವುದೇ ಇಲ್ಲ. ಅಳಿವೆಯ ಕೊಳೆತ ಕೆಸರನ್ನು ಹಾಗೇ ಬಳಸಿದರೆ ಯಾವ ಕಾರಣದಿಂದ ಮೊಳಕೆ ಸತ್ತಿತೆಂದು ಹೇಳಲಾಗುವುದಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು ಮಾಡಿದ ಪ್ರಯೋಗವೇ ಉತ್ತರ ಕೊಡಬಲ್ಲದು.

ಪ್ರಯೋಗಾಲಯದ ತಟ್ಟೆಗೂ ಕಡಲಿಗೂ ಇರುವ ದೊಡ್ಡ ವ್ಯತ್ಯಾಸ ಅಲೆ. ಆಳವಿಲ್ಲದ ನೀರಿನಲ್ಲಿ ಅಲೆಯಡಿ ತಳದ ನೀರು ಹಿಂದೆ ಮುಂದೆ ಹೊಯ್ದಾಡುವ ಗರಿಷ್ಠ ವೇಗ ಅಲೆಯ ಎತ್ತರಕ್ಕೆ ನೇರ ಅನುಪಾತದಲ್ಲಿರುತ್ತದೆ. 5 ಮೀಟರ್ ಆಳದಲ್ಲಿ ಮಳೆಗಾಲದ ಎರಡೂವರೆ ಮೀಟರ್ ಅಲೆಯಿಂದ ಅದು ಸೆಕೆಂಡಿಗೆ ಸುಮಾರು 1.75 ಮೀಟರ್, ಚಳಿಗಾಲದ ಅರ್ಧ ಮೀಟರ್ ಅಲೆಯಿಂದ ಸುಮಾರು 0.35 ಮೀಟರ್. ತಳವನ್ನು ಉಜ್ಜುವ ಬಲ ಹೆಚ್ಚು ಕಡಿಮೆ ವೇಗದ ವರ್ಗದಂತೆ ಹೆಚ್ಚುವುದರಿಂದ ಎರಡು ಕಾಲಗಳ ನಡುವೆ ಅದು ಇಪ್ಪತ್ತೈದು ಪಟ್ಟಿನಷ್ಟು ಬದಲಾಗುತ್ತದೆ. ಈ ಅಂಕಿಯನ್ನು ನೆನಪಿಡಿ.

ನಮ್ಮ ಕರಾವಳಿಯ ಪ್ರಶ್ನೆ

ಭಾರತದಲ್ಲಿ ಕಡಲ ಪಾಚಿಯ ಅಧ್ಯಯನಕ್ಕೆ ಹಳೆಯ ಪರಂಪರೆಯಿದೆ. ಮದ್ರಾಸಿನಲ್ಲಿ ಎಂ.ಓ.ಪಿ. ಅಯ್ಯಂಗಾರ್ ಅವರು ಕಟ್ಟಿದ ಪಾಚಿಶಾಸ್ತ್ರದ ಪರಂಪರೆ, ಭಾವನಗರದ ಉಪ್ಪು ಮತ್ತು ಸಾಗರ ರಾಸಾಯನಿಕಗಳ ಸಂಶೋಧನಾ ಸಂಸ್ಥೆ, ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ, ಕಾರವಾರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗ, ಇವೆಲ್ಲ ದುಡಿದಿವೆ. ಆದರೆ ಈ ದುಡಿಮೆಯ ಬಹುಪಾಲು ಯಾವ ಪ್ರಭೇದ ಎಲ್ಲಿದೆ, ಎಷ್ಟು ಟನ್ ಸಿಗುತ್ತದೆ, ಅದರಲ್ಲಿ ಎಷ್ಟು ಆಲ್ಜಿನೇಟ್ ಇದೆ ಎಂಬ ಪಟ್ಟಿಗಳದ್ದು. ದೊಡ್ಡ ಗಿಡವನ್ನು ಎಣಿಸಿದೆವು, ಮೊಳಕೆಯನ್ನು ಎಣಿಸಲಿಲ್ಲ. ಕೆರೆಯಲ್ಲಿ ನೀರಿನ ಮಟ್ಟ ಬರೆದಿಟ್ಟು ಹೂಳಿನ ಮಟ್ಟ ಮರೆತಂತೆ ಇದು.

ಇತ್ತೀಚಿನ ಉತ್ಸಾಹವೂ ಈ ಕೊರತೆಯನ್ನು ತುಂಬುವುದಿಲ್ಲ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಪಾಚಿ ಕೃಷಿಗೆ 640 ಕೋಟಿ ರೂಪಾಯಿ ಎತ್ತಿಡಲಾಯಿತು. ಇಂಥ ಕೃಷಿಯಲ್ಲಿ ಹೆಚ್ಚಾಗಿ ಬೆಳೆಸುವುದು ಕಪ್ಪಾಫೈಕಸ್ ಎಂಬ ಕೆಂಪು ಪಾಚಿಯನ್ನು. ಅದರ ತುಂಡುಗಳನ್ನೇ ಹಗ್ಗಕ್ಕೆ ಕಟ್ಟಿ ತೆಪ್ಪದಲ್ಲಿ ತೇಲಿಬಿಡುತ್ತಾರೆ. ಬೀಜಾಣು ಬಂಡೆಗೆ ಅಂಟುವ ಘಟ್ಟವೇ ಅಲ್ಲಿಲ್ಲ. ಆದ್ದರಿಂದ ತೆಪ್ಪದ ಕೃಷಿ ಗೆದ್ದ ಮಾತ್ರಕ್ಕೆ ಆ ಕಡಲು ಬಂಡೆಯ ಪಾಚಿಗೂ ಒಳ್ಳೆಯದು ಎಂದು ವಾದಿಸುವಂತಿಲ್ಲ.

ಬಂದರು, ತಡೆಗೋಡೆ, ಹೂಳೆತ್ತುವ ಕಾಮಗಾರಿಗಳ ವಿಷಯ ಬಂದಾಗ ಒಂದು ವಾದ ಮತ್ತೆ ಮತ್ತೆ ಕೇಳಿಬರುತ್ತದೆ: ‘ಮಳೆಗಾಲದಲ್ಲಿ ನದಿಗಳೇ ರಾಶಿ ರಾಶಿ ಹೂಳು ತರುತ್ತವೆ, ಯಂತ್ರ ಕದಡುವ ಹೂಳು ಅದರ ಮುಂದೆ ಏನೂ ಅಲ್ಲ.’ ಒಟ್ಟು ತೂಕದ ಲೆಕ್ಕದಲ್ಲಿ ಇದು ನಿಜವಿರಬಹುದು. ಆದರೆ ಸರ್ಗಾಸಮ್‌ನ ವರ್ಷಚಕ್ರವನ್ನು ನೋಡಿ. ಪಶ್ಚಿಮ ಕರಾವಳಿಯಲ್ಲಿ ಅದು ಮಳೆಗಾಲ ಕಳೆದ ಮೇಲೆ ಚಿಗುರಿ, ಚಳಿಗಾಲದ ತಿಂಗಳುಗಳಲ್ಲಿ ತುಂಬಿ ಬೆಳೆದು ಫಲವಂತವಾಗುತ್ತದೆ. ಮುಂದಿನ ಮಳೆಗಾಲದ ಹೊತ್ತಿಗೆ ಬಹುತೇಕ ಗಿಡ ಕಳಚಿ ಹೋಗಿ ಹಿಡಿತಾಂಗದ ಭಾಗ ಉಳಿಯುತ್ತದೆ. ನದಿ ಹೂಳು ತರುವ ಜೂನ್‌ನಿಂದ ಸೆಪ್ಟೆಂಬರಿನಲ್ಲಿ ಭ್ರೂಣಗಳು ಬೀಳುವ ಕಾಲವಲ್ಲ. ಜೊತೆಗೆ ಆಗಿನ ಅಲೆಗಳು ತೆರೆದ ಬಂಡೆಯನ್ನು ತೊಳೆಯುತ್ತಲೇ ಇರುತ್ತವೆ. ಹೂಳೆತ್ತುವ ಯಂತ್ರಕ್ಕೆ ಬೇಕಾದದ್ದು ಶಾಂತ ಕಡಲು, ಅಂದರೆ ಮಳೆಗಾಲ ಬಿಟ್ಟು ಉಳಿದ ತಿಂಗಳು. ಆಗಲೇ ಭ್ರೂಣಗಳು ಇಳಿಯುತ್ತಿರುತ್ತವೆ, ಆಗಲೇ ತೊಳೆಯುವ ಬಲ ಇಪ್ಪತ್ತೈದರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ತೂಕದಲ್ಲಿ ಕಡಿಮೆಯಾದ ಹೂಳು ಪರಿಣಾಮದಲ್ಲಿ ಹೆಚ್ಚಾಗಲು ಇಷ್ಟು ಸಾಕು. ವಾರ್ಷಿಕ ಸರಾಸರಿಯ ಮೇಲೆ ನಿಂತ ವಾದ ಇಲ್ಲಿ ಮುರಿದುಬೀಳುತ್ತದೆ.

ಕಾನೂನಿನ ಕಣ್ಣಿಗೂ ಈ ಮೊಳಕೆ ಬಿದ್ದಿಲ್ಲ. 2011ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯಲ್ಲಿ ಅತಿ ಸೂಕ್ಷ್ಮ ಪ್ರದೇಶಗಳ ಪಟ್ಟಿಯಿದೆ: ಕಾಂಡ್ಲಾ, ಹವಳ, ಮರಳ ದಿಬ್ಬ, ಜೀವಭರಿತ ಕೆಸರು ಬಯಲು, ಆಮೆ ಮೊಟ್ಟೆಯಿಡುವ ತೀರ, ಕಡಲ ಹುಲ್ಲು ಇತ್ಯಾದಿ. 2019ರ ಅಧಿಸೂಚನೆಯಲ್ಲೂ ಪಟ್ಟಿ ಹೀಗೆಯೇ ಇದೆ. ಕಡಲ ಹುಲ್ಲಿನ ಹೆಸರಿದೆ, ಬಂಡೆಯ ಪಾಚಿ ಬನದ ಹೆಸರಿಲ್ಲ. ಕರಾವಳಿ ನೀರಿನ ಗುಣಮಟ್ಟದ ನಮ್ಮ ಮಾನದಂಡಗಳಲ್ಲಿ ಸ್ನಾನ, ಈಜು, ವಾಣಿಜ್ಯ ಮೀನುಗಾರಿಕೆಯ ನೀರಿಗೆ ಕದಡಿನ ಮಿತಿ 30 ಎನ್‌ಟಿಯು. ಈಜುವವರಿಗೆ ಅದು ಉಪಯುಕ್ತ ಅಂಕಿ. ಮೊಳಕೆಗೆ ಅದು ಹೇಳುವುದು ಎಷ್ಟು ಕಡಿಮೆ ಎಂಬುದನ್ನು ಮೇಲೆ ನೋಡಿದ್ದೇವೆ.

ಯಾವ ಹೋಲಿಕೆ ನ್ಯಾಯವಾದದ್ದು?

ನಮ್ಮ ಕರಾವಳಿಯಲ್ಲಿ ಪ್ರಕೃತಿಯೇ ಸಿದ್ಧಪಡಿಸಿದ ಒಂದು ಪ್ರಯೋಗವಿದೆ ಎಂದು ಮೊದಲ ನೋಟಕ್ಕೆ ಅನ್ನಿಸುತ್ತದೆ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. ಅದರ ಉತ್ತರಕ್ಕಿರುವ ಅಘನಾಶಿನಿಗೆ ಇಂದಿಗೂ ದೊಡ್ಡ ಅಣೆಕಟ್ಟು ಇಲ್ಲ. ಅದರ ಅಳಿವೆ 2024ರಲ್ಲಿ ರಾಮ್ಸರ್ ತಾಣವೆಂದು ಘೋಷಿತವಾಯಿತು. ಒಂದು ನದಿಯ ಹೂಳು ಜಲಾಶಯದಲ್ಲಿ ನಿಲ್ಲುತ್ತದೆ, ಇನ್ನೊಂದರದ್ದು ನೇರ ಕಡಲಿಗೆ ಬರುತ್ತದೆ. ಎರಡರ ಅಳಿವೆಗಳ ಹೊರಗಿನ ಬಂಡೆಗಳಲ್ಲಿ ಪಾಚಿ ಎಣಿಸಿದರೆ ಹೂಳಿನ ಪರಿಣಾಮ ತಿಳಿಯಬಾರದೇಕೆ?

ತಿಳಿಯದು. ಕಾರಣ, ಅಣೆಕಟ್ಟು ಹೂಳನ್ನಷ್ಟೇ ಬದಲಿಸುವುದಿಲ್ಲ. ವಿದ್ಯುತ್ ಉತ್ಪಾದಿಸಿದ ನೀರು ಬೇಸಿಗೆಯಲ್ಲೂ ಹರಿದು ಶರಾವತಿಯ ಅಳಿವೆಯನ್ನು ಸಪ್ಪೆಯಾಗಿಸಿದೆ. ಅಘನಾಶಿನಿಯ ಅಳಿವೆ ಬೇಸಿಗೆಯಲ್ಲಿ ಕಡಲಿನಷ್ಟೇ ಉಪ್ಪಾಗುತ್ತದೆ. ಸಾಣಿಕಟ್ಟೆಯಲ್ಲಿ ಉಪ್ಪು ತಯಾರಾಗುವುದೂ ಅಲ್ಲಿಯ ಚಿಪ್ಪಿನ ಸಮೃದ್ಧಿಯೂ ಇದಕ್ಕೆ ಸಾಕ್ಷಿ. ಎರಡು ಕಡೆ ಪಾಚಿಯಲ್ಲಿ ವ್ಯತ್ಯಾಸ ಕಂಡರೆ ಅದು ಹೂಳಿನದೋ ಉಪ್ಪಿನದೋ ಎಂದು ಬೇರ್ಪಡಿಸಲಾಗದು. ನ್ಯಾಯವಾದ ಹೋಲಿಕೆ ಬೇಕಾದರೆ ಒಂದೇ ಬಂಡೆಯ ಮೇಲೆ ಅಕ್ಕಪಕ್ಕದ ತುಣುಕುಗಳನ್ನು ಆರಿಸಿ, ಕೆಲವನ್ನು ದಿನವೂ ಮೆಲ್ಲನೆ ತೊಳೆದು ಹೂಳು ತೆಗೆಯುತ್ತ, ಕೆಲವನ್ನು ಹಾಗೇ ಬಿಟ್ಟು, ಇಳಿದ ಮೊಳಕೆಗಳನ್ನು ಎಣಿಸಬೇಕು. ಉಪ್ಪು, ಬೆಳಕು, ಅಲೆ ಎಲ್ಲ ಸಮ. ಬದಲಾಗುವುದು ಹೂಳು ಮಾತ್ರ. ಇದಕ್ಕೆ ದುಬಾರಿ ಉಪಕರಣ ಬೇಡ. ಒಂದು ಭೂತಗನ್ನಡಿ, ಚದರ ಸೆಂಟಿಮೀಟರ್ ಗುರುತಿನ ಚೌಕಟ್ಟು, ಹೂಳು ಹೀರಿ ತೆಗೆಯಲು ಸಿರಿಂಜು, ತೂಕ ಮಾಡಲು ರಸಾಯನಶಾಸ್ತ್ರ ವಿಭಾಗದ ತಕ್ಕಡಿ ಸಾಕು. ಕುಮಟೆ, ಹೊನ್ನಾವರ, ಕಾರವಾರದ ಕಾಲೇಜುಗಳಿಗೆ ಇದು ಎಟುಕುವ ಕೆಲಸ.

ಒಳನಾಡಿನ ಶಾಲೆಗಳೂ ಕೈಕಟ್ಟಿ ಕೂರಬೇಕಿಲ್ಲ. ಎರಡು ಎತ್ತರದ ಗಾಜಿನ ಜಾಡಿಗಳಲ್ಲಿ ಒಂದು ಲೀಟರ್ ನೀರು ತೆಗೆದುಕೊಳ್ಳಿ. ಒಂದಕ್ಕೆ 35 ಗ್ರಾಂ ಉಪ್ಪು ಕರಗಿಸಿ. ಊರ ಕೆರೆಯ ಜೇಡಿಯನ್ನು ಬಟ್ಟೆಯಲ್ಲಿ ಸೋಸಿ ಎರಡಕ್ಕೂ ಸಮನಾಗಿ ಹಾಕಿ ಕಲಕಿ ಬಿಡಿ. ಪ್ರತಿ ಹತ್ತು ನಿಮಿಷಕ್ಕೊಮ್ಮೆ ತಿಳಿನೀರಿನ ಎತ್ತರ ಬರೆದುಕೊಳ್ಳಿ. ಉಪ್ಪುನೀರು ಮೊದಲು ತಿಳಿಯಾಗುತ್ತದೆ. ನದಿಯ ಹೂಳು ಅಳಿವೆಯಲ್ಲೇ ಏಕೆ ಕೂರುತ್ತದೆ ಎಂಬುದನ್ನು ಹತ್ತನೆಯ ತರಗತಿಯ ವಿದ್ಯಾರ್ಥಿಯೂ ಕಣ್ಣಾರೆ ಕಾಣಬಹುದು. ಜಾಡಿಯ ತಳಕ್ಕೆ ಮೊದಲೇ ತೂಗಿದ ಗಾಜಿನ ಪಟ್ಟಿಯನ್ನು ಇಟ್ಟು, ಮರುದಿನ ಮೆಲ್ಲನೆ ಎತ್ತಿ, ಸಿಹಿನೀರಿನಲ್ಲಿ ಅದ್ದಿ ಉಪ್ಪು ಕಳೆದು, ಒಣಗಿಸಿ ಮತ್ತೆ ತೂಗಿದರೆ ಚದರ ಸೆಂಟಿಮೀಟರಿಗೆ ಎಷ್ಟು ಮಿಲಿಗ್ರಾಂ ಕೂತಿತೆಂಬ ಲೆಕ್ಕವೂ ಸಿಗುತ್ತದೆ. ಲೀಟರಿನ ಲೆಕ್ಕ ಮತ್ತು ಚದರ ಸೆಂಟಿಮೀಟರಿನ ಲೆಕ್ಕ ಏಕೆ ಬೇರೆ ಎಂಬುದನ್ನು ಮಕ್ಕಳಿಗೆ ಇದಕ್ಕಿಂತ ಚೆನ್ನಾಗಿ ಹೇಳಿಕೊಡುವ ದಾರಿ ಇಲ್ಲ.

ಡೆವಿನಿ ಮತ್ತು ವೋಲ್ಸೆಯಿಂದ ಶೀಲ್ ತಂಡದವರೆಗಿನ ಸಂಶೋಧಕರು ಒಂದು ಸತ್ಯವನ್ನು ಸ್ಥಾಪಿಸಿದ್ದಾರೆ: ತೆಳುವಾದ ಹೂಳು ಕೂಡ ಒಂದು ಪಾಚಿ ಬನದ ಮುಂದಿನ ಪೀಳಿಗೆಯನ್ನು ತಡೆಯಬಲ್ಲದು. ಬೆಳೆದ ಗಿಡಗಳು ನಿಂತೇ ಇರುವುದರಿಂದ ಆ ನಷ್ಟ ಒಡನೆ ಕಾಣುವುದಿಲ್ಲ. ಅವು ಮುಪ್ಪಾಗಿ ಹೋದ ಮೇಲೆ ಬಂಡೆ ಬರಿದಾಗಿ ಕಾಣುತ್ತದೆ, ಆಗ ಕಾರಣ ಹುಡುಕಿದರೆ ಸಿಗುವುದಿಲ್ಲ. ಪರಿಸರ ಪರಿಣಾಮದ ವರದಿ ಬರೆಯುವವರು ‘ಲೀಟರಿಗೆ ಇಷ್ಟು ಮಿಲಿಗ್ರಾಂ, ಮಿತಿಯೊಳಗಿದೆ’ ಎಂದು ಬರೆದಾಗ ಓದುವವರು ಮೂರು ಪ್ರಶ್ನೆ ಕೇಳಬೇಕು: ಆ ಕಣಗಳು ಇಳಿಯುವ ವೇಗವೆಷ್ಟು? ಬಂಡೆಯ ಮೇಲೆ ಚದರ ಸೆಂಟಿಮೀಟರಿಗೆ ಎಷ್ಟು ಕೂರುತ್ತದೆ? ಕೂರುವುದು ಯಾವ ತಿಂಗಳಲ್ಲಿ? ಈ ಮೂರಕ್ಕೆ ಉತ್ತರವಿಲ್ಲದ ವರದಿ ನೀರಿನ ಬಗ್ಗೆ ಏನನ್ನಾದರೂ ಹೇಳಿರಬಹುದು, ಬಂಡೆಯ ಮೇಲಿನ ಜೀವದ ಬಗ್ಗೆ ಏನನ್ನೂ ಹೇಳಿರುವುದಿಲ್ಲ.